ಕಂಪ್ಯೂಟರ್ ಸತ್ತ ಮೇಲೆ: ರಿಪೇರಿಯೋ, ಹೊಸ ಲ್ಯಾಪ್‌ಟಾಪೋ, ಸೆಕೆಂಡ್ ಹ್ಯಾಂಡ್ ಡಬ್ಬವೋ?

ನನ್ನ ಆಯ್ಕೆ ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಿನಿ ಡೆಸ್ಕ್‌ಟಾಪ್. ಕಂಪೆನಿ ಆಫೀಸುಗಳಲ್ಲಿ ನಾಲ್ಕೈದು ವರ್ಷ ದುಡಿದು ಹೊರಬಿದ್ದದ್ದನ್ನು ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ ಮಾರುತ್ತಾರಲ್ವಾ, ಆ ಜಾತಿಯದ್ದು. ಅದರ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಈ ಹೋಲಿಕೆಯಲ್ಲಿ ಪಕ್ಷಪಾತ ಇಲ್ಲವೆಂದು ಆಣೆ ಹಾಕಲಾರೆ.

ಹಳೆಯದು ಹೋದದ್ದು ತುಲಾ ತಿಂಗಳ ಸಿಡಿಲಿಗೆ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆ ಆ ತಿಂಗಳಲ್ಲಿ ಸಂಜೆಯಾದರೆ ಗುಡುಗು ಇದ್ದದ್ದೇ. ಸಿಡಿಲು ರೂಟರನ್ನು ಸುಟ್ಟು, ಲ್ಯಾನ್ ವಯರಿನಲ್ಲೇ ನಡೆದುಬಂದು ಮದರ್‌ಬೋರ್ಡನ್ನೂ ಸುಟ್ಟಿತು. ಹಾರ್ಡ್ ಡಿಸ್ಕ್ ಉಳಿಯಿತು. ಅದೇ ದೊಡ್ಡ ಪುಣ್ಯ, ಮುಂದಿನ ಪಂಚಾತಿಕೆಗೆಲ್ಲ ಮೂಲವೂ ಅದೇ.

ನನ್ನ ಕೆಲಸ ಮನೆಯಲ್ಲೇ ಡಿಟಿಪಿ. ಮದುವೆ ಕಾಗದ, ಯಕ್ಷಗಾನದ ನೋಟೀಸು, ಬ್ರಹ್ಮಕಲಶದ ಆಮಂತ್ರಣ, ಕನ್ನಡ ಮೀಡಿಯಂ ಶಾಲೆಗಳ ಪ್ರಶ್ನೆಪತ್ರಿಕೆ. ಗೇಮ್ ಇಲ್ಲ, ವಿಡಿಯೋ ಎಡಿಟಿಂಗ್ ಇಲ್ಲ. ಹಾಗಾಗಿ ಪ್ರೊಸೆಸರ್ ಎಷ್ಟು ವೇಗ ಎಂಬ ಚರ್ಚೆ ಇಲ್ಲಿ ಬೇಡ. ಈಗಿನ ಯಾವುದಾದರೂ ಸಾಕು.

ಮೊದಲು ನೋಡಿದ್ದು ರಿಪೇರಿಯನ್ನೇ. ಖರ್ಚು ಕಮ್ಮಿ ಎಂಬ ಆಸೆ. ನನ್ನ ಹಳೆಯದರಲ್ಲಿದ್ದ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರಿಗೆ ಹೊಂದುವ ಎಚ್81 ಮದರ್‌ಬೋರ್ಡ್ ಈಗಲೂ ಸಿಗುತ್ತದೆ. ಕಾಸರಗೋಡಿನ ಮೆಕ್ಯಾನಿಕ್ ಒಬ್ಬರು ಕೂಲಿ ಸೇರಿಸಿ 4,500 ರೂಪಾಯಿಗೆ ಕೂರಿಸಿಕೊಟ್ಟರು, ಮೆಷಿನ್ ಎದ್ದು ಕೂತಿತು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಕಣ್ಣು ತಪ್ಪಿಸಿ ಹಾಕುವ ದಾರಿಗಳು ಉಂಟು. ಆದರೆ ನನ್ನ ಮೆಷಿನಿಗೆ ಊರಿನ ಪೆನ್‌ಡ್ರೈವುಗಳೆಲ್ಲ ಬಂದು ಹೋಗುತ್ತವೆ. ಅಂಥದ್ದರಲ್ಲಿ ಕಳ್ಳದಾರಿ ಬೇಡವೆಂದು, ವಿಂಡೋಸಿನ ಬದಲು ಪುಕ್ಕಟೆ ಸಿಗುವ ಉಬುಂಟು ಹಾಕಿ ನೋಡಿದೆ.

ಉಬುಂಟು ನಮ್ಮ ಕಡೆ ಹೊಸತಲ್ಲ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಅದರಲ್ಲಿ. ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟು ಆಧಾರದ ಮೇಲೆ ಮಾಡಿಕೊಟ್ಟ ವ್ಯವಸ್ಥೆಯೇ ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು. ಮಗಳಿಗೆ ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಜಿಯೋಜೀಬ್ರಾ ಎಲ್ಲ ನೀರು ಕುಡಿದಷ್ಟು ಸುಲಭ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸವೂ ಸಿಕ್ಕಿತು. ಹಾಗಾದರೆ ತೊಂದರೆ ಎಂತ?

ತೊಂದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಕನ್ನಡ ಟೈಪಿಂಗ್ ಮಾಡುವ ಯಾರೇ ಕಂಪ್ಯೂಟರ್ ಬದಲಿಸಿದರೂ ಕೊನೆಗೆ ಬಂದು ಎಡವುವುದು ಇಲ್ಲೇ.

ನನ್ನ ಹಾರ್ಡ್ ಡಿಸ್ಕಿನಲ್ಲಿರುವುದು ಹೆಚ್ಚಿನದೂ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಫೈಲುಗಳು. 2001ರಲ್ಲಿ ಬಂದ ಪೇಜ್‌ಮೇಕರ್ 7ರ ನಂತರ ಹೊಸ ಆವೃತ್ತಿ ಬರಲೇ ಇಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅದರಲ್ಲಿ ಕನ್ನಡ ಎಂದರೆ ಹಳೆಯ ನುಡಿ ಫಾಂಟುಗಳೇ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. ಕ್ಯಾಪಿಟಲ್ ಸಿ ಇರುವಲ್ಲಿ ಅ. ಡಿ ಇರುವಲ್ಲಿ ಆ. ಜಿ ಇರುವಲ್ಲಿ ಉ. ಎ ಇರುವಲ್ಲಿ ಅನುಸ್ವಾರದ ಸೊನ್ನೆ. ಕಂಪ್ಯೂಟರಿನ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ. ಕನ್ನಡದ ವೇಷ ಹಾಕಿಸುವುದು ಫಾಂಟು.

ಉಬುಂಟುವಿನಲ್ಲಿ ಆ ಫಾಂಟನ್ನು ಹಾಕಿಕೊಂಡರೆ ಹಳೆಯ ವರ್ಡ್ ಫೈಲುಗಳು ಲಿಬ್ರೆಆಫೀಸಿನಲ್ಲಿ ಚಂದಕ್ಕೆ ಕಾಣುತ್ತವೆ. ತಿದ್ದಲು ಹೋದಾಗ ಗೋಳು ಶುರು. ನುಡಿ ತಂತ್ರಾಂಶ ವಿಂಡೋಸಿನದ್ದು. ಇಲ್ಲಿರುವ ಕಗಪ ಕೀಬೋರ್ಡ್ ಕೊಡುವುದು ಯೂನಿಕೋಡ್ ಅಕ್ಷರ. ಹಳೆಯ ಸಾಲಿನ ಮಧ್ಯೆ ಹೊಸ ಅಕ್ಷರ ಕೂತರೆ ಎರಡೂ ಬೇರೆ ಬೇರೆ ಮುಖ ಮಾಡಿ ನಿಲ್ಲುತ್ತವೆ. ಇದರ ಮೇಲೆ ವಾಕ್ಯದ ಮೊದಲ ಅಕ್ಷರವನ್ನು ತಾನಾಗಿಯೇ ಕ್ಯಾಪಿಟಲ್ ಮಾಡುವ ಆಟೋಕರೆಕ್ಟ್ ಬೇರೆ. ಸಣ್ಣ ಜಿ ದೊಡ್ಡ ಜಿ ಆಯಿತೆಂದರೆ ರ ಇರಬೇಕಾದ ಕಡೆ ಉ ಬಂದು ಕೂರುತ್ತದೆ. ರಾಮಚಂದ್ರ ಅಂತ ಬರೆಯುವಾಗ ಅದು ಎಂತ ಆಗುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಬಿಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಕನ್ವರ್ಟರ್‌ಗಳು ಉಂಟು, ಒಳ್ಳೆಯವೂ ಉಂಟು. ಅರ್ಕಾವತ್ತನ್ನೂ ಸರಿಮಾಡುತ್ತವೆ. ಹಳೆಯ ಫೈಲಿನಲ್ಲಿ ‘ಕರ್ತವ್ಯ’ದ ಅರ್ಕಾವತ್ತು ತ ಆದ ಮೇಲೆ ಇರುತ್ತದೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಅದನ್ನು ಎತ್ತಿ ಹಿಂದೆ ಇಡುವ ಬುದ್ಧಿ ಅವಕ್ಕೆ ಉಂಟು. ಇಲ್ಲದ್ದು, ಇದು ಕನ್ನಡ, ಇದು ಇಂಗ್ಲಿಷ್ ಎಂದು ಗುರುತಿಸುವ ಬುದ್ಧಿ. ಪಠ್ಯವನ್ನು ಕಾಪಿ ಮಾಡಿ ಹಾಕಿದಾಗ ಫಾಂಟಿನ ಸುಳಿವು ಹೋಗಿಬಿಡುತ್ತದಲ್ವಾ.

ಒಂದು ವಿಜ್ಞಾನದ ಪ್ರಶ್ನೆಪತ್ರಿಕೆ ಹೀಗೆ ಬದಲಿಸಿದೆ. ಉತ್ತರದ ಆಯ್ಕೆಗಳಿಗೆ ಇಂಗ್ಲಿಷಿನ ಎ, ಬಿ, ಸಿ, ಡಿ ಹಾಕಿತ್ತು. ಬದಲಾದ ಮೇಲೆ ಮೊದಲ ಆಯ್ಕೆ ಬರೀ ಸೊನ್ನೆ, ಮೂರನೆಯದು ಅ, ನಾಲ್ಕನೆಯದು ಆ. ರಾಸಾಯನಿಕ ಸೂತ್ರಗಳ ಗತಿ ಕೇಳಲೇಬೇಡಿ. ನಮ್ಮ ಜಿಲ್ಲೆಯ ನೋಟೀಸುಗಳಲ್ಲಿ ಮಲಯಾಳವೂ ಇರುತ್ತದೆ, ಅದೂ ಎಂಎಲ್-ಟಿಟಿ ಎಂಬ ಹಳೆಯ ಫಾಂಟುಗಳಲ್ಲಿ. ಅವೂ ಇದೇ ಉಪಾಯದವು. ಕನ್ವರ್ಟರ್ ಮಲಯಾಳವನ್ನೂ ಕನ್ನಡವೆಂದೇ ಓದಿ, ಯಾವ ಭಾಷೆಯಲ್ಲೂ ಇಲ್ಲದ ಒಂದು ಮಂತ್ರ ಬರೆದುಕೊಡುತ್ತದೆ. ಪ್ರತಿ ಫೈಲನ್ನೂ ಸಾಲು ಸಾಲಾಗಿ ನೋಡಿ ತಿದ್ದಬೇಕು. ಹೊಸದಾಗಿ ಟೈಪ್ ಮಾಡುವುದೇ ವಾಸಿ ಅನ್ನಿಸಿತು.

ಗಿರಾಕಿ ಬಂದು ‘ಹೋದ ವರ್ಷದ್ದೇ ನೋಟೀಸು, ತಾರೀಕು ಮಾತ್ರ ಬದಲಿಸಿ’ ಎನ್ನುತ್ತಾರೆ. ಅವರು ಚಾ ಕುಡಿದು ಮುಗಿಸುವಷ್ಟರಲ್ಲಿ ಪ್ರಿಂಟ್ ಬರಬೇಕು. ನನ್ನ ಹೊಟ್ಟೆಪಾಡು ಇರುವುದೇ ಅಲ್ಲಿ. ಹಾಗಾಗಿ ನನಗೆ ಬೇಕಾದದ್ದು ಪೇಜ್‌ಮೇಕರ್ ಮತ್ತು ನುಡಿ ಓಡುವ, ಈಗಿನ ಅಪ್‌ಡೇಟ್ ಸಿಗುವ ವಿಂಡೋಸ್. ಹೊಸ ಕೆಲಸವನ್ನು ಯೂನಿಕೋಡಿನಲ್ಲಿ ಶುರುಮಾಡಿದ್ದೇನೆ, ಅದು ಬೇರೆ.

ಇನ್ನು ಲ್ಯಾಪ್‌ಟಾಪ್. ಭಾವ ತಮ್ಮದನ್ನು ಕೆಲವು ದಿನ ಇಟ್ಟುಕೊಳ್ಳಲು ಕೊಟ್ಟಿದ್ದರು. 45,000ದ ಆಸುಪಾಸಿನದ್ದು, ವಿಂಡೋಸ್ 11. ನುಡಿ, ಪೇಜ್‌ಮೇಕರ್ ಎರಡೂ ಓಡಿದವು. ಕರೆಂಟು ಹೋದಾಗ ಅದು ಕ್ಯಾರೇ ಅನ್ನುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಇದು ಸಣ್ಣ ವಿಷಯವಲ್ಲ. ಸಿಡಿಲು ಬಂದರೆ ವಯರು ಕಿತ್ತು ಮಡಿಲಲ್ಲಿಟ್ಟು ಕೆಲಸ ಮುಂದುವರಿಸಬಹುದು. ಈ ಒಂದು ಗುಣಕ್ಕೆ ನಾನು ಅದನ್ನು ಹೊಗಳಲೇಬೇಕು.

ಆದರೆ ಇಡೀ ದಿನ ಬಗ್ಗಿ ಕೂತು ಕುತ್ತಿಗೆ ಹಿಡಿಯಿತು. ಆಮಂತ್ರಣದ ಎರಡು ಪುಟ ಪಕ್ಕಪಕ್ಕ ಇಟ್ಟರೆ ಅಕ್ಷರ ಓದಲಾಗದಷ್ಟು ಸಣ್ಣ. ಮಾನಿಟರ್, ಕೀಬೋರ್ಡ್ ಹೊರಗಿನಿಂದ ಸಿಕ್ಕಿಸಿದ ಮೇಲೆ ಲ್ಯಾಪ್‌ಟಾಪ್ ಯಾಕೆ ಬೇಕಿತ್ತು? ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸುವಂತಿಲ್ಲ. ಕೀ ಒಂದು ಕೆಟ್ಟರೆ ಇಡೀ ಕೀಬೋರ್ಡ್ ಬದಲಿಸಬೇಕು. ಟೈಪಿಂಗೇ ಕಸುಬಾದವನ ಕೀಬೋರ್ಡ್ ಎಷ್ಟು ದಿನ ಬಾಳುತ್ತದೆ ಹೇಳಿ?

ಅಂಗಡಿಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಲ್ಯಾಪ್‌ಟಾಪನ್ನೂ ತೋರಿಸಿದರು. ಬ್ಯಾಟರಿ ತುಂಬಾ ಹೊತ್ತು ಬರುತ್ತದೆ, ನಿಜ. ಆದರೆ ಅದು ಇಂಟೆಲ್ ಬಗೆಯದ್ದಲ್ಲ, ಆರ್ಮ್ ಎಂಬ ಬೇರೆ ಬಗೆಯ ಚಿಪ್ಪು. ಅದಕ್ಕೆ ಪ್ರಿಂಟರಿನ ಡ್ರೈವರ್ ಬೇರೆಯೇ ಬೇಕು. ನನ್ನ ಹಳೆಯ ಲೇಸರ್ ಪ್ರಿಂಟರಿಗೆ ಅಂಥ ಡ್ರೈವರ್ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ಆಪಲ್‌ನ ಸಣ್ಣ ಡೆಸ್ಕ್‌ಟಾಪ್ ಮ್ಯಾಕ್ ಮಿನಿಯನ್ನು ಹೊಗಳುವವರೂ ಸಿಕ್ಕಿದರು. ಎಂ4 ಮಾದರಿ ಇಲ್ಲಿ ಬಂದಾಗ 59,900 ರೂಪಾಯಿ. ಅದರಲ್ಲಿ ನುಡಿಯೂ ಇಲ್ಲ, ಪೇಜ್‌ಮೇಕರೂ ಇಲ್ಲ.

ಈಗ ನನ್ನ ಡಬ್ಬ. ಆಪ್ಟಿಪ್ಲೆಕ್ಸ್ ಮೈಕ್ರೋ, ಥಿಂಕ್‌ಸೆಂಟರ್ ಟೈನಿ, ಪ್ರೊಡೆಸ್ಕ್ ಮಿನಿ ಎಂದೆಲ್ಲ ಸಿಗುತ್ತವೆ, ಎಲ್ಲವೂ ಒಂದೇ ಬಗೆ. ನಾನು ತಗೊಂಡದ್ದರಲ್ಲಿ ಐ5-8500ಟಿ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. 18,000 ರೂಪಾಯಿ. ಬಸ್ಸಿನಲ್ಲಿ ಕೈಚೀಲದೊಳಗೇ ತಲಪಾಡಿ ಗಡಿ ದಾಟಿತು.

ಆ ‘ಟಿ’ ಎಂಬ ಅಕ್ಷರಕ್ಕೆ ಬೆಲೆ ಉಂಟು. ಅದು 35 ವಾಟಿನ ಪ್ರೊಸೆಸರ್, ಕರೆಂಟು ಕೊಡುವುದು ಲ್ಯಾಪ್‌ಟಾಪಿನಂಥದ್ದೇ ಅಡಾಪ್ಟರ್. ಹಳೆಯ ಡೆಸ್ಕ್‌ಟಾಪಿಗೆ ಫೈಲ್ ಸೇವ್ ಮಾಡುವಷ್ಟು ಹೊತ್ತು ಮಾತ್ರ ಬರುತ್ತಿದ್ದ ಯುಪಿಎಸ್ಸು ಈಗ ಒಂದು ನೋಟೀಸು ಮುಗಿಸಲು ಬಿಡುತ್ತದೆ. ಲ್ಯಾಪ್‌ಟಾಪಿನ ಹಾಗೆ ಗಂಟೆಗಟ್ಟಲೆ ಅಲ್ಲ, ಆದರೆ ನನಗೆ ಅಷ್ಟು ಸಾಕು. ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿಯ ಕರೆಂಟು ಬಿಲ್ಲಿಗೂ ಒಳ್ಳೆಯದು. ಹಳೆಯ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಸಿಕ್ಕಿಸಿದೆ, ಎಲ್ಲ ಫೈಲೂ ತೆರೆದವು. ಪ್ರಿಂಟರ್ ಮರುಮಾತಿಲ್ಲದೆ ಒಪ್ಪಿತು.

ಕೊರತೆಗಳೂ ಉಂಟು. ವೈಫೈ ಇರಲಿಲ್ಲ, ಯುಎಸ್‌ಬಿ ಡಾಂಗಲ್ ಹಾಕಿದೆ. ಸಿಡಿಲಿನ ಲ್ಯಾನ್ ವಯರಿಗಿಂತ ಅದೇ ಕ್ಷೇಮ. ನನ್ನ ಹಳೆಯ ಮಾನಿಟರಿಗೆ ವಿಜಿಎ ಕನ್ವರ್ಟರ್ ಬೇಕಾಯಿತು. ಸೆಕೆಯ ದಿನಗಳಲ್ಲಿ ಫ್ಯಾನ್ ಸ್ವಲ್ಪ ಕಿರಿಕಿರಿ. ಎಂಟನೇ ತಲೆಮಾರು ಎಂದರೆ ವಿಂಡೋಸ್ 11ರ ಹೊಸ್ತಿಲಲ್ಲಿ ಕೂತ ಹಾಗೆ. ಮುಂದಿನ ವಿಂಡೋಸ್ ಬಂದಾಗ ಒಳಗೆ ಬಿಡುತ್ತಾರೋ ಇಲ್ಲವೋ. 18,000ಕ್ಕೆ ನಾಲ್ಕು ವರ್ಷ ಬಂದರೆ ನನಗೆ ನಷ್ಟವಿಲ್ಲ.

ಸಾಲ ಇಲ್ಲದೆ ಕೈಯಲ್ಲಿದ್ದದ್ದು 25,000. ಕೂರುವ ಜಾಗ ಒಂದೇ. ಇದೇ ಕಾರಣಕ್ಕೆ ಡಬ್ಬ ನನಗೆ ಸರಿಹೋಯಿತು. ಶಾಲೆಗೂ ಮನೆಗೂ ಹೊತ್ತು ತಿರುಗುವ ಮಾಸ್ತರರಿಗೆ ಲ್ಯಾಪ್‌ಟಾಪೇ ಸರಿ. ರಿಪೇರಿಯಾದ ಹಳೆಯದು ಉಬುಂಟು ಸಮೇತ ಮಗಳ ಮೇಜಿಗೆ ಹೋಗಿದೆ.

ನೀವೂ ಇಂಥದ್ದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್, ತೆರೆದಾಗ ಪಾಸ್‌ವರ್ಡ್ ಕೇಳಿದರೆ ಆ ಪೀಸ್ ಬೇಡವೆನ್ನಿ, ಹಳೆಯ ಕಂಪೆನಿಯ ಬೀಗ ಅದು. ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯೇ ಎಂದು ಸೆಟ್ಟಿಂಗಿನಲ್ಲಿ ಪರೀಕ್ಷಿಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಎಷ್ಟು ತಿಂಗಳು ಎಂಬುದನ್ನೂ ಬಾಯಿಮಾತಿಗೆ ಬಿಡದೆ ಅದರಲ್ಲೇ ಬರೆಸಿ.