ಮೀನಿನ ಹೊಂಡಕ್ಕೆ ಹೆಸರಿಲ್ಲದ ಹಸಿರು ಪುಡಿ ಹಾಕಬೇಡಿ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಸಾಕುವವರು ದಯವಿಟ್ಟು ಓದಿ. ಬೂಷ್ಟಿಗೆ ಔಷಧಿ ಅಂತ ನನ್ನ ಕೈಗೆ ವಿಷ ಕೊಟ್ಟರು. ಬಿಲ್ಲು ಬೇರೆ ಕೊಟ್ಟರು, ಅದರಲ್ಲಿ "ನೀರು ಶುದ್ಧಿ ಪುಡಿ" ಅಂತ ಬರೆದು!

ಚಳಿಗಾಲದಲ್ಲಿ ಗೊತ್ತಲ್ಲ, ಬಲೆ ತಾಗಿ ಗಾಯವಾದ ಮೀನಿಗೆ ಹತ್ತಿ ಅಂಟಿದ ಹಾಗೆ ಬೆಳ್ಳಗೆ ಬೂಷ್ಟು ಹಿಡಿಯುತ್ತೆ. ನನ್ನ ಹೊಂಡದಲ್ಲೂ ಹಿಡಿಯಿತು. ಮೀನು ಮಾರುವ ಹೊತ್ತು ಹತ್ತಿರ ಬಂದಿತ್ತು. ಮರಿ ಕೊಟ್ಟವನಿಗೇ ಫೋನ್ ಮಾಡಿದೆ. ಬೈಕಲ್ಲಿ ಬಂದು ಸ್ಟೇಪ್ಲರ್ ಹೊಡೆದ ಪ್ಲಾಸ್ಟಿಕ್ ಕವರ್ ಕೊಟ್ಟ. ಹೆಸರಿಲ್ಲ, ಕಂಪನಿ ಇಲ್ಲ, ತಾರೀಖಿಲ್ಲ. ಒಳಗೆ ಹಸಿರಾಗಿ ಮಿನುಗುವ ಹರಳು. ಚಿಟಿಕೆ ಹಾಕಿದರೆ ಬಕೆಟ್ ನೀರೆಲ್ಲ ಕಡು ನೀಲಿ ಹಸಿರು. ಉಗುರಿನ ಸಂದಿಯ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಏನಪ್ಪಾ ಇದು, ತಿನ್ನೋ ಮೀನಿಗೆ ಆಗುತ್ತಾ?" ಅಂತ ಬಾಯಿಬಿಟ್ಟು ಕೇಳಿದೆ. "ಎಲ್ಲರೂ ಇದೇ ಹಾಕೋದು ಅಣ್ಣಾ. ಬಿಸಿಲಿಗೆ ಬಣ್ಣ ಹೋಗುತ್ತೆ, ಆಮೇಲೆ ಏನೂ ಇರಲ್ಲ" ಅಂದ.

ಏನೂ ಇರಲ್ಲವಂತೆ!

ಬೆಂಗಳೂರಿನ ಖರೀದಿದಾರರು ಲ್ಯಾಬ್ ರಿಪೋರ್ಟ್ ಕೇಳಿದರು. ಮೀನಿನ ಮಾಂಸ ಕಳಿಸಿದೆ. ಮೊದಲ ಸಾಲು: ಮ್ಯಾಲಕೈಟ್ ಗ್ರೀನ್, ಪತ್ತೆಯಾಗಿಲ್ಲ. ಎರಡನೇ ಸಾಲು: ಲ್ಯೂಕೋಮ್ಯಾಲಕೈಟ್ ಗ್ರೀನ್, ಪತ್ತೆಯಾಗಿದೆ. ಖರೀದಿದಾರರು ಒಂದು ಕಿಲೋನೂ ಬೇಡ ಅಂದರು. ನನಗೆ ತಲೆಬುಡ ಅರ್ಥ ಆಗಲಿಲ್ಲ. ಲ್ಯಾಬಿನ ಹುಡುಗಿಯೇ ಕೂರಿಸಿ ಹೇಳಿದಳು. ಆ ಹಸಿರು ಪುಡಿ ಮ್ಯಾಲಕೈಟ್ ಗ್ರೀನ್, ಬಟ್ಟೆ, ಚರ್ಮ, ಕಾಗದಕ್ಕೆ ಹಾಕುವ ಬಣ್ಣ. ಮೀನಿನ ಮೈಯೊಳಗೆ ಹೋಗಿ ಬಣ್ಣವಿಲ್ಲದ ಲ್ಯೂಕೋ ಆಗುತ್ತೆ. ಬಣ್ಣ ಬೇಗ ಹೋಗುತ್ತೆ, ಲ್ಯೂಕೋ ಕೊಬ್ಬಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೂರುತ್ತೆ. ನೀರು ಬದಲಿಸಿದರೂ ಹೋಗಲ್ಲ, ಸಾರು ಕುದಿಸಿದರೂ ಹೋಗಲ್ಲ. ಅಮೆರಿಕದಲ್ಲಿ ಇಲಿಗಳಿಗೆ ಲ್ಯೂಕೋ ತಿನ್ನಿಸಿ ನೋಡಿದಾಗ ಹೆಣ್ಣು ಇಲಿಗಳ ಲಿವರ್‌ನಲ್ಲಿ ಗೆಡ್ಡೆ ಜಾಸ್ತಿ ಕಂಡಿತ್ತಂತೆ. ಅಲ್ಲೂ ಯುರೋಪಿನಲ್ಲೂ ತಿನ್ನುವ ಮೀನಿಗೆ ಇದನ್ನು ಹಾಕುವ ಹಾಗೇ ಇಲ್ಲ. 2007ರಲ್ಲಿ ಚೀನಾದ ಸಾಕಿದ ಮೀನು, ಸಿಗಡಿಯನ್ನು ಅಮೆರಿಕ ಬಂದರಿನಲ್ಲೇ ತಡೆದ ಕಾರಣಗಳಲ್ಲಿ ಇದೂ ಒಂದು.

ರಿಪೋರ್ಟ್ ಫೋಟೋ ಪುಡಿ ಕೊಟ್ಟವನಿಗೆ ಕಳಿಸಿದೆ. ಉತ್ತರ ನೋಡಿ: "ಪತ್ತೆಯಾಗಿಲ್ಲ ಅಂತಾನೇ ಬರೆದಿದೆಯಲ್ಲ ಅಣ್ಣಾ." ಮೊದಲ ಸಾಲಿಗೆ ಮಾತ್ರ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ! ಎರಡನೇ ಸಾಲು ಓದಪ್ಪಾ ಅಂದೆ. "ಅದು ಬೇರೆ ಕೆಮಿಕಲ್, ನಾನು ಕೊಟ್ಟಿದ್ದಲ್ಲ." ನಾನೇನು ಲ್ಯೂಕೋ ಹುಡುಕಿಕೊಂಡು ಹೋಗಿ ಹಾಕಿದ್ನಾ? ದುಡ್ಡು ವಾಪಸ್ ಕೇಳಿದೆ. "ಬಿಲ್ಲಲ್ಲಿ ಮೀನಿನ ಔಷಧಿ ಅಂತ ಎಲ್ಲಿದೆ?" ಅಂದ. ಆಗ ಗೊತ್ತಾಯಿತು ಆ ಬಿಲ್ಲು ಯಾಕೆ ಹಾಗಿತ್ತು ಅಂತ. ಮೊದಲೇ ಲೆಕ್ಕ ಹಾಕಿಕೊಂಡೇ ಬಂದಿದ್ದ.

ಕೊನೆಗೆ ಹೇಳಿದ್ದು ಕೇಳಿದರೆ ಮೈ ಉರಿಯುತ್ತೆ. "ಸಂತೆಗೆ ಹಾಕಿಬಿಡಿ, ಅಲ್ಲಿ ಯಾರು ಟೆಸ್ಟ್ ಕೇಳ್ತಾರೆ?" ಸಂತೆಯಲ್ಲಿ ಕೊಳ್ಳುವವರು ನಮ್ಮೂರಿನವರೇ ಅಲ್ವಾ? ಅವರ ಮನೆಯಲ್ಲಿ ಮಕ್ಕಳಿಲ್ವಾ? ಮೀನು ಮಾರಿಲ್ಲ. ಹೊಂಡದಲ್ಲೇ ಇದೆ. ಮೇವಿನ ಖರ್ಚು ನನ್ನ ತಲೆ ಮೇಲೆ.

ಮೀನುಗಾರಿಕೆ ಇಲಾಖೆಗೂ ಆಹಾರ ಸುರಕ್ಷತೆಯವರಿಗೂ ದೂರು ಕೊಟ್ಟಿದ್ದೇನೆ. ನೀವು ಮಾತ್ರ ಹೆಸರು ಬರೆಯದ ಕವರ್ ಮುಟ್ಟಬೇಡಿ. ಅಕ್ವೇರಿಯಂ ಅಂಗಡಿಯ ಔಷಧಿ ಸೀಸೆಯೂ ಬೇಡ, ಅದು ಚಂದಕ್ಕೆ ಸಾಕುವ ಮೀನಿಗೆ. ಟೆಸ್ಟ್ ಮಾಡಿಸಿದರೆ ಎರಡೂ ಹೆಸರು ಬರೆಸಿ, ಲ್ಯೂಕೋ ಬಿಟ್ಟ ರಿಪೋರ್ಟ್ ಗುಜರಿಗೆ ಹಾಕಿ. ಬೂಷ್ಟು ಬಂದರೆ ಇಲಾಖೆಯವರನ್ನು ಕೇಳಿ, ಮರಿ ಮಾರುವವನನ್ನಲ್ಲ.

ಪಕ್ಕದ ಊರಿನವರು ನಿನ್ನೆ ಒಂದು ಫೋಟೋ ಕಳಿಸಿದರು. ಅದೇ ಹಸಿರು ಹರಳು, ಅದೇ ಮನುಷ್ಯ. ಈಗ ಕವರ್ ಮೇಲೆ "ಗಿಡಮೂಲಿಕೆ" ಅಂತ ಸ್ಟಿಕರ್ ಅಂಟಿಸಿದ್ದಾನೆ.