ಸಿಂಥೆಟಿಕ್ ಶೇವಿಂಗ್ ಬ್ರಷ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ದಿನ ಬಿಟ್ಟು ದಿನ ಒಂದೇ ಬ್ರಷ್‌ನಲ್ಲಿ ಶೇವ್ ಮಾಡಿಕೊಳ್ಳುತ್ತಿದ್ದೇನೆ. ಸಿಂಥೆಟಿಕ್ ಎಳೆ, ಬುಡದಲ್ಲಿ 24 ಮಿ.ಮೀ. ದಪ್ಪ, ಪ್ಲಾಸ್ಟಿಕ್ ಹಿಡಿ. ಅದಕ್ಕೂ ಮುಂಚೆ ಅಪ್ಪ ಬಳಸುತ್ತಿದ್ದಂಥ ಹಂದಿಕೂದಲಿನ ಬ್ರಷ್ಷೇ ನನ್ನದೂ. ಅದನ್ನು ಮೊದಲೇ ನೀರಲ್ಲಿ ನೆನೆಸಿಡಬೇಕು, ಒದ್ದೆಯಾದರೆ ಒಂಥರಾ ವಾಸನೆ, ಕೂದಲು ಉದುರಿ ಕೆನ್ನೆಗೆ ಅಂಟುತ್ತಿತ್ತು. ಇದಕ್ಕೆ ಆ ಯಾವ ತೊಂದರೆಯೂ ಇಲ್ಲ.

ಆದರೂ ಮೊದಲ ಆರು ತಿಂಗಳು ಇದರ ಮೇಲೆ ಬೇಸರವೇ ಇತ್ತು. ನೊರೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯದು ಒಣಗಿ ಪೊರೆ ಕಟ್ಟಿರುತ್ತಿತ್ತು. ಗಂಟಲ ಹತ್ತಿರ ಬ್ಲೇಡ್ ಎಳೆದ ಕಡೆಯೆಲ್ಲ ಉರಿ. ಕ್ರೀಮ್ ಜಾಸ್ತಿ ಹಾಕಿ ನೋಡಿದೆ, ಕ್ರೀಮ್ ಬದಲಾಯಿಸಿಯೂ ನೋಡಿದೆ.

ವಿಷಯ ಗೊತ್ತಾಗಿದ್ದು ತೀರ್ಥಹಳ್ಳಿ ಹತ್ತಿರ ದೊಡ್ಡಪ್ಪನ ಮನೆಗೆ ಹೋದಾಗ. ಅದೇ ಬ್ರಷ್, ಅದೇ ಟ್ಯೂಬ್. ನೀರು ಮಾತ್ರ ಬಾವಿಯದು. ಅರ್ಧ ನಿಮಿಷಕ್ಕೆ ನೊರೆ ಬಟ್ಟಲು ತುಂಬಿ ಅಂಚಿನಿಂದ ಇಳಿಯಿತು. ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪನಿಗೆ ತೋರಿಸಿದೆ. "ನಿಮ್ಮ ಬೆಂಗಳೂರಿನ ಬೋರ್ ನೀರಲ್ಲಿ ತೊಗರಿಬೇಳೆ ಬೇಯುತ್ತೇನೋ? ಬೇಳೆ ಬೇಯದ ನೀರಲ್ಲಿ ಸೋಪು ಏಳುತ್ತಾ?" ಅಂದರು. ಹೌದಲ್ವಾ! ನಮ್ಮನೆ ಕುಕ್ಕರ್ ಎರಡು ಸೀಟಿ ಜಾಸ್ತಿಯೇ ಕೂಗಬೇಕು. ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟುತ್ತದೆ. ಇದಕ್ಕೂ ಶೇವಿಂಗ್‌ಗೂ ಸಂಬಂಧ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸೋಪಿನ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತವೆ. ಬಕೆಟ್ ಅಂಚಿಗೆ ಅಂಟುವುದು ಅದೇ. ಹಾಕಿದ ಕ್ರೀಮಿನಲ್ಲಿ ಒಂದು ಪಾಲು ಹೀಗೆ ಹಾಳಾಗಿ, ಉಳಿದಷ್ಟೇ ನೊರೆಗೆ ಸಿಗುತ್ತದೆ.

ಅಲ್ಲಿಂದ ಬಂದ ಮೇಲೆ ಅರ್ಧ ಲೋಟ ಆರ್‌ಓ ನೀರು ಬೆಚ್ಚಗೆ ಮಾಡಿ ಇಟ್ಟುಕೊಳ್ಳುತ್ತೇನೆ. ನೊರೆಗೆ ಅಷ್ಟು ಸಾಕು. ಮುಖ ತೊಳೆಯಲು ನಲ್ಲಿ ನೀರೇ. ಆರ್‌ಓ ಇಲ್ಲದವರು ಹಿಡಿದಿಟ್ಟ ಮಳೆನೀರು ಬಳಸಬಹುದು. ಕುದಿಸಿ ಆರಿಸಿ ಮೇಲಿನ ತಿಳಿ ತೆಗೆದುಕೊಂಡರೂ ಎಷ್ಟೋ ವಾಸಿ.

ಇನ್ನು ಕಲಸುವ ಬಗೆ. ಬ್ರಷ್ ಒದ್ದೆ ಮಾಡಿ ಚೆನ್ನಾಗಿ ಕೊಡವಿ. ಕಡಲೆಕಾಳಿನಷ್ಟು ಕ್ರೀಮನ್ನು ಸ್ಟೀಲ್ ಬಟ್ಟಲಿಗೆ ಹಾಕಿ ತಿರುಗಿಸಿ. ಮೊದಲು ಅಂಟಂಟಾಗುತ್ತದೆ, ಆಮೇಲೆ ಉಬ್ಬುತ್ತದೆ. ನೋಡಲು ರಾಶಿ ನೊರೆ. ನಾನು ಇಷ್ಟಕ್ಕೇ ನಿಲ್ಲಿಸುತ್ತಿದ್ದೆ, ತುಂಬಾ ಜನ ನಿಲ್ಲಿಸುವುದೂ ಇಲ್ಲೇ. ಆದರೆ ಅದು ಇನ್ನೂ ಒಣ ನೊರೆ, ಗಾಳಿಯೇ ಜಾಸ್ತಿ. ಬೆರಳ ತುದಿಯಿಂದ ನಾಲ್ಕೈದು ಹನಿ ನೀರು ಬಿಟ್ಟು ಮತ್ತೆ ತಿರುಗಿಸಬೇಕು. ಮತ್ತೆ ನಾಲ್ಕೈದು ಹನಿ. ಸಿಂಥೆಟಿಕ್ ಎಳೆ ತನ್ನೊಳಗೆ ನೀರು ಹೀರುವುದಿಲ್ಲ, ಹಾಗಾಗಿ ಇದಕ್ಕೆ ಹೀಗೆ ಹನಿಸುತ್ತಲೇ ಇರಬೇಕು. ಮೂರನೇ ಸಲಕ್ಕೆ ದೊಡ್ಡ ಗುಳ್ಳೆಗಳು ಒಂದೊಂದಾಗಿ ಒಡೆದು ಹೋಗುತ್ತವೆ. ನೊರೆ ಸ್ವಲ್ಪ ತಗ್ಗುತ್ತದೆ, ಗಟ್ಟಿ ಮೊಸರಿನ ಹಾಗೆ ಹೊಳೆಯುತ್ತದೆ. ಬ್ರಷ್ ಎತ್ತಿದರೆ ತುದಿ ಎದ್ದು ಮೆಲ್ಲಗೆ ಬಾಗುತ್ತದೆ. ಎರಡು ಬೆರಳ ಮಧ್ಯೆ ಉಜ್ಜಿ ನೋಡಿ, ಜಾರಬೇಕು. ಜಾರದಿದ್ದರೆ ಇನ್ನೂ ನೀರು ಬೇಕು. ಒಟ್ಟು ಎರಡು ನಿಮಿಷದ ಕೆಲಸ. ಬ್ಲೇಡ್ ಅಡಿ ಚರ್ಮವನ್ನು ಕಾಯುವುದು ಈ ಜಾರಿಕೆಯೇ, ನೊರೆಯ ಎತ್ತರ ಅಲ್ಲ.

ಕ್ರೀಮ್ ವಿಷಯಕ್ಕೆ ಬಂದರೆ, ಇಟಲಿಯ ಪ್ರೊರಾಸೊ ಹಸಿರು ಟ್ಯೂಬ್ ನನಗೆ ತುಂಬಾ ಇಷ್ಟ. ನೀಲಗಿರಿ ಎಣ್ಣೆ, ಮೆಂಥಾಲ್ ಇರುವುದರಿಂದ ಮುಖ ತಣ್ಣಗಾಗುತ್ತದೆ. ಆದರೆ ನೀರು ಸರಿ ಮಾಡಿಕೊಂಡ ಮೇಲೆ ಬೀದಿ ಕೊನೆಯ ಅಂಗಡಿಯ ಸಾಮಾನ್ಯ ಟ್ಯೂಬ್ ಕೂಡ ಅಷ್ಟೇ ಜಾರುತ್ತದೆ. ಮೈಸೋಪು ಮಾತ್ರ ಬೇಡ. ಸ್ನಾನದ ಬಿಲ್ಲೆಯಲ್ಲಿ ಹೆಚ್ಚಾಗಿ ಸೋಡಿಯಂ ಸೋಪು ಇರುತ್ತದೆ. ಶೇವಿಂಗ್ ಕ್ರೀಮಿನಲ್ಲಿ ಮೆದುವಾದ ಪೊಟ್ಯಾಶಿಯಂ ಸೋಪು ಜಾಸ್ತಿ, ಜೊತೆಗೆ ಸ್ಟಿಯರಿಕ್ ಆಮ್ಲವೂ ಇರುವುದರಿಂದ ನೊರೆ ದಟ್ಟವಾಗಿ ನಿಲ್ಲುತ್ತದೆ.

ಬ್ರಷ್‌ನ ದೋಷವನ್ನೂ ಹೇಳಬೇಕು. ಎರಡು ವರ್ಷಕ್ಕೆ ಎಳೆಗಳ ಕಟ್ಟು ಬುಡಸಮೇತ ಹಿಡಿಯಿಂದ ಕಿತ್ತು ಬಂತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಬೇಜಾರಾಯಿತು. ಹಳೇ ಗೋಂದು ಕೆರೆದು, ಎರಡು ಟ್ಯೂಬ್ ಬೆರೆಸುವ ಅರಾಲ್ಡೈಟ್ ಹಾಕಿ, ಒಂದು ರಾತ್ರಿ ಅಲುಗಿಸದೆ ಇಟ್ಟೆ. ಇವತ್ತಿಗೂ ಗಟ್ಟಿಯಾಗಿದೆ. ಎಳೆಗಳು ಅಲ್ಲೊಂದು ಇಲ್ಲೊಂದು ಉದುರಿವೆ ಅಷ್ಟೇ, ತುದಿಯ ಮೆದುತನ ಹಾಗೇ ಇದೆ.

ಬುಡದಲ್ಲಿ ಬಿಳಿ ಜಿಡ್ಡು ಕಂಡರೆ ನಿಂಬೆರಸ ಹಿಂಡಿದ ನೀರಲ್ಲಿ ಹತ್ತು ನಿಮಿಷ ಅದ್ದಿಟ್ಟು ತೊಳೆಯುತ್ತೇನೆ. ಲೋಟದಲ್ಲಿ ಉಳಿದ ಆರ್‌ಓ ನೀರಲ್ಲೇ ಕೊನೆಯ ಸಲ ಜಾಲಿಸಿದರೆ ಜಿಡ್ಡು ಕಟ್ಟುವುದೇ ಕಡಿಮೆ.

ಹೋದ ತಿಂಗಳು ತಮ್ಮನಿಗೂ ಇದೇ ಅಳತೆಯ ಬ್ರಷ್ ಕೊಡಿಸಿದೆ, ಬೇರೆ ಕಂಪನಿಯದು. ಅವನ ಮನೆಗೆ ಕಾವೇರಿ ನೀರು ಬರುತ್ತದೆ. ಅವನಿಗೆ ನಲ್ಲಿ ನೀರೇ ಸಾಕಾಗುತ್ತಿದೆ.