ಆಲ್ಬರ್ಟಾದಲ್ಲಿ ಜಮೀನು ಕೊಳ್ಳುವವರೇ, ಮುಚ್ಚಿದ ಎಣ್ಣೆ ಬಾವಿಯ ಕಾಗದ ನೋಡದೆ ಸಹಿ ಹಾಕಬೇಡಿ

ಕೆನಡಾದ ಎಡ್ಮಂಟನ್ ಹತ್ತಿರ ಕ್ಯಾಲ್ಮಾರ್ ಎಂಬ ಸಣ್ಣ ಊರಿದೆ. ದಶಕಗಳ ಹಿಂದೆ ಮುಚ್ಚಿದ್ದ ಎಣ್ಣೆ ಬಾವಿಯ ಮಗ್ಗುಲಲ್ಲೇ ಅಲ್ಲಿ ಮನೆಗಳು ಎದ್ದವು. 2000ರ ದಶಕದ ಕೊನೆಗೆ ಆ ಬಾವಿಯಿಂದ ಗ್ಯಾಸ್ ಸೋರುತ್ತಿರುವುದು ಪತ್ತೆಯಾಯಿತು. ದುರಸ್ತಿಗೆ ರಿಗ್ (ಬಾವಿ ಕೊರೆಯುವ ದೊಡ್ಡ ಯಂತ್ರ) ನಿಲ್ಲಿಸಲು ಜಾಗವೇ ಇರಲಿಲ್ಲ. ಹಾಗಾಗಿ ಸುತ್ತಲಿನ ಕೆಲವು ಮನೆಗಳನ್ನೇ ಖಾಲಿ ಮಾಡಿಸಬೇಕಾಯಿತು. ಕ್ಯಾಲ್ಗರಿ, ಎಡ್ಮಂಟನ್ ಹೊರವಲಯದಲ್ಲಿ ಎಕರೆಗಟ್ಟಲೆ ಜಾಗ ನೋಡುತ್ತಿರುವ ಕನ್ನಡಿಗರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

2012ರಲ್ಲಿ ಬಂದ ಡೈರೆಕ್ಟಿವ್ 079 ಎಂಬ ಆಲ್ಬರ್ಟಾದ ನಿಯಮದ ಪ್ರಕಾರ, ಹೊಸದಾಗಿ ಕಟ್ಟುವ ಮುನ್ನ ಹಳೆಯ ಬಾವಿಗಳನ್ನು ಹುಡುಕಿ, ಪ್ರತಿ ಬಾವಿಯ ಸುತ್ತ ಕನಿಷ್ಠ 5 ಮೀಟರ್ ಖಾಲಿ ಬಿಡಬೇಕು. ಅದಕ್ಕೂ ಮುಂಚೆ ಕಟ್ಟಿದ ಮನೆಗೆ ಈ ರಕ್ಷಣೆ ಸಿಕ್ಕಿಲ್ಲ. 5 ಮೀಟರ್ ಕೂಡ ತೀರಾ ಕಡಿಮೆಯೇ.

ಬಾವಿಯ ಸ್ಥಿತಿಯನ್ನು ದಾಖಲೆಯಲ್ಲೇ ಓದಿ. ‘ಸಸ್ಪೆಂಡೆಡ್’ ಎಂದಿದ್ದರೆ ಬಾವಿ ನಿಂತಿದೆ ಅಷ್ಟೇ, ಮುಚ್ಚಿಲ್ಲ. ಅದು ಹಾಗೆಯೇ ದಶಕಗಟ್ಟಲೆ ಉಳಿಯಬಹುದು. 2022ರಿಂದ ಆಲ್ಬರ್ಟಾ ಎನರ್ಜಿ ರೆಗ್ಯುಲೇಟರ್ (ಎಣ್ಣೆ, ಗ್ಯಾಸ್ ಉದ್ಯಮದ ನಿಯಂತ್ರಣ ಸಂಸ್ಥೆ) ಬಾವಿ ಮುಚ್ಚಿ ಜಾಗ ಸರಿಪಡಿಸುವ ಕೆಲಸಕ್ಕೆ ಕಂಪನಿಗಳು ವರ್ಷಕ್ಕೆ ಇಷ್ಟು ಖರ್ಚು ಮಾಡಲೇಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಆ ವರ್ಷ ಇಡೀ ಉದ್ಯಮಕ್ಕೆ 42.2 ಕೋಟಿ ಡಾಲರ್. ಆದರೆ ಯಾವ ಬಾವಿ ಮೊದಲು ಎಂಬ ತೀರ್ಮಾನ ಬಹುಪಾಲು ಕಂಪನಿಯದೇ. ನಿಮ್ಮ ಜಾಗದ ಸರದಿ ಯಾವಾಗ ಬರುತ್ತದೆಂದು ಮಾರುವವರು ಹೇಳಿದರೆ ನಂಬಬೇಡಿ.

‘ಅಬಾಂಡನ್ಡ್’ ಎಂದಿದ್ದರೆ ಬಾವಿಯ ಕೊಳವೆ ಮುಚ್ಚಿದೆ. ಸಾಮಾನ್ಯ ವಿಧಾನದಲ್ಲಿ ಎಣ್ಣೆ ಬರುತ್ತಿದ್ದ ತೂತುಗಳಿಂದ 15 ಮೀಟರ್ ಒಳಗೆ ಲೋಹದ ಪ್ಲಗ್ ಕೂರಿಸಿ, 7,000 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ 10 ನಿಮಿಷ ಪರೀಕ್ಷಿಸಿ, ಮೇಲೆ 8 ಮೀಟರ್ ಸಿಮೆಂಟ್ ಹಾಕುತ್ತಾರೆ. ಆಮೇಲೆ ಬಾವಿಯ ಒಳಗೋಡೆಯಾದ ಕೇಸಿಂಗ್ ಪೈಪನ್ನು ನೆಲದಿಂದ ಕನಿಷ್ಠ ಒಂದು ಮೀಟರ್ ಕೆಳಗೆ ಕತ್ತರಿಸಿ, ಗಾಳಿ ಹೋಗುವ ಮುಚ್ಚಳ ಕೂರಿಸುತ್ತಾರೆ. ಮೇಲೆ ಹುಲ್ಲು ಬೆಳೆದರೆ ಗುರುತೇ ಸಿಗದು. ತೊಂದರೆ ಹೆಚ್ಚಾಗಿ ಪೈಪಿನ ಒಳಗಲ್ಲ, ಹೊರಗೆ: ಹಳೆಯ ಬಾವಿಗಳಲ್ಲಿ ಪೈಪಿಗೂ ಬಂಡೆಗೂ ನಡುವಿನ ಸಿಮೆಂಟ್ ಸರಿಯಾಗಿ ತುಂಬಿರುವುದಿಲ್ಲ, ಬಿರುಕು ಬಿಟ್ಟಿರುತ್ತದೆ, ಗ್ಯಾಸ್ ಅದರೊಳಗಿಂದ ಮೇಲೇರುತ್ತದೆ. ಬಾವಿಯ ಬಾಯಲ್ಲಿ ಗ್ಯಾಸ್ ಹೊರಬಿಡುವ ವೆಂಟಿನ ಕೊಳವೆಯನ್ನು ನೀರಿನಲ್ಲಿ ಅದ್ದಿ 10 ನಿಮಿಷ ಗುಳ್ಳೆ ನೋಡುವ ಪರೀಕ್ಷೆಯಲ್ಲಿ ಮಣ್ಣಿನ ಮೂಲಕ ಸೋರುವ ಗ್ಯಾಸ್ ತಿಳಿಯುವುದಿಲ್ಲ. ಅದನ್ನು ನೆಲದಲ್ಲೇ ಬೇರೆಯಾಗಿ ಅಳೆಯಬೇಕು.

ಕೊಳವೆ ಮುಚ್ಚಿದ ಮೇಲೂ ಮಣ್ಣಿನ ಕೆಲಸ ಬಾಕಿ ಇರುತ್ತದೆ. ಬೇಡದ ಗ್ಯಾಸ್ ಸುಡುತ್ತಿದ್ದ ಫ್ಲೇರ್ ಗುಂಡಿ, ಕೊರೆದ ಕೆಸರು ಹೂತ ಗುಂಡಿ, ಎಣ್ಣೆಯ ಜೊತೆ ಬಂದ ಉಪ್ಪು ನೀರು ಚೆಲ್ಲಿದ ಜಾಗ, ಹಿಂದೆ ಕಳೆ ಸಾಯಲೆಂದು ಸುರಿದ ಔಷಧಿ, ಇವೆಲ್ಲ ವರ್ಷಗಟ್ಟಲೆ ಬೆಳೆ ತೆಗೆಯಲು ಬಿಡವು. ಇದೆಲ್ಲ ಸರಿಯಾಯಿತು ಎಂಬುದಕ್ಕೆ ಸಿಗುವ ಕಾಗದ ರಿಕ್ಲಮೇಶನ್ ಸರ್ಟಿಫಿಕೇಟ್. ಅದು ಸಿಕ್ಕ ಮೇಲೂ 25 ವರ್ಷ ಮೇಲ್ಮೈ ದೋಷಗಳಿಗೆ ಕಂಪನಿಯೇ ಹೊಣೆ, ಮಾಲಿನ್ಯಕ್ಕಂತೂ ಅವಧಿಯೇ ಇಲ್ಲ. ಆದರೆ ಹೊಣೆ ಹೊರಲು ಕಂಪನಿ ಬದುಕಿರಬೇಕಲ್ಲ!

ಕಂಪನಿ ದಿವಾಳಿಯಾದರೆ, 2019ರ ರೆಡ್‌ವಾಟರ್ ಪ್ರಕರಣದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದಂತೆ, ಸಾಲ ಕೊಟ್ಟವರಿಗೆ ಹಣ ಹಂಚುವ ಮೊದಲು ಬಾವಿ ಮುಚ್ಚುವ ಬಾಧ್ಯತೆ ತೀರಬೇಕು. ಹಾಗೂ ಮುಚ್ಚದೆ ಉಳಿದ ಬಾವಿಗಳು, ದಿಕ್ಕಿಲ್ಲದ ಬಾವಿಗಳನ್ನು ಮುಚ್ಚುವ ಆರ್ಫನ್ ವೆಲ್ ಅಸೋಸಿಯೇಶನ್‌ನ ಸರದಿ ಪಟ್ಟಿಗೆ ಹೋಗುತ್ತವೆ. ಬಾವಿಯ ಜಾಗಕ್ಕೆ ಕಂಪನಿ ಜಮೀನಿನ ಮಾಲೀಕರಿಗೆ ಕೊಡುವ ಬಾಡಿಗೆ ನಿಂತರೆ ಸರ್ಫೇಸ್ ರೈಟ್ಸ್ ಕಾಯಿದೆಯ 36ನೇ ವಿಧಿಯಡಿ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಬಾಡಿಗೆ ಹಕ್ಕು ನಿಮ್ಮ ಹೆಸರಿಗೆ ವರ್ಗವಾಗಿದೆಯೇ ಎಂದು ವಕೀಲರಿಂದ ಮೊದಲೇ ಖಚಿತ ಮಾಡಿಕೊಳ್ಳಿ.

ಟೈಟಲ್‌ನಲ್ಲಿ (ಮಾಲೀಕತ್ವದ ದಾಖಲೆಯಲ್ಲಿ) ಎಣ್ಣೆ ಕಂಪನಿಯ ಲೀಸಿನ ಕೇವಿಯಟ್, ಅಂದರೆ ಹಕ್ಕಿನ ನಮೂದು, ಇಲ್ಲ ಎಂದಾಕ್ಷಣ ಬಾವಿ ಇಲ್ಲ ಎಂದುಕೊಳ್ಳಬೇಡಿ, ಅದು ಎಂದೋ ರದ್ದಾಗಿರಬಹುದು. ಜಮೀನಿನ ಸರ್ವೆ ಗುರುತುಗಳಾದ ಸೆಕ್ಷನ್, ಟೌನ್‌ಶಿಪ್, ರೇಂಜ್ ಹಿಡಿದು ರೆಗ್ಯುಲೇಟರ್‌ನ ಬಾವಿ ನಕ್ಷೆಯಲ್ಲಿ ಹುಡುಕಿ. ಸರ್ಕಾರದ ಪರಿಸರ ವರದಿಗಳ ಭಂಡಾರದಲ್ಲಿ ಫೇಸ್ 1 (ಹಳೆಯ ದಾಖಲೆ, ಸ್ಥಳ ಪರಿಶೀಲನೆ), ಫೇಸ್ 2 (ಮಣ್ಣು, ನೀರಿನ ಮಾದರಿ ಪರೀಕ್ಷೆ) ತಪಾಸಣೆ ವರದಿ ಇದೆಯೇ ನೋಡಿ. ಹಳೆಯ ನಕ್ಷೆಯ ಸ್ಥಾನದ ಮೇಲೆ ಅನುಮಾನವಿದ್ದರೆ ನೆಲದಡಿಯ ಕಬ್ಬಿಣ ಹುಡುಕುವ ಮ್ಯಾಗ್ನೆಟೋಮೀಟರ್ ತಂದು ಪೈಪಿನ ತುದಿ ಪತ್ತೆ ಮಾಡಿಸಿ. ಹುಲ್ಲು ಸತ್ತ ವೃತ್ತ ಕಂಡರೆ ಗ್ಯಾಸ್ ಅಳೆಸಿ, ಮಣ್ಣಿನ ಉಪ್ಪಿನಂಶವನ್ನೂ ಪರೀಕ್ಷಿಸಿ. ಮಾರುವವರು ರಿಕ್ಲಮೇಶನ್ ಸರ್ಟಿಫಿಕೇಟ್ ತೋರಿಸದಿದ್ದರೆ ಮುಂಗಡ ವಾಪಸ್ ಎಂಬ ಷರತ್ತು ಒಪ್ಪಂದದಲ್ಲೇ ಬರೆಸಿ.